ಒಡೀತು ಅಂದರೆ ಏನು

ಒಂದು ಖಾಲಿ ಪೀಪಾಯಿಗೆ ಮೂವತ್ತೆಂಟು ಸಾವಿರ. ಅದರೊಳಗೆ ಇನ್ನೂರು ಲೀಟರ್ ಸ್ಟೌಟ್ ತುಂಬಲು ಮಾಲ್ಟು, ಹಾಪ್ಸು, ಹುರಿದ ರಾಗಿ, ಬೆಲ್ಲ, ಕರೆಂಟು, ಕೂಲಿ, ಸುಂಕ ಎಲ್ಲ ಸೇರಿ ಅರವತ್ತು ಸಾವಿರ. ಅದನ್ನು ಎರಡು ವರ್ಷ ತಂಪು ಕೋಣೆಯಲ್ಲಿ ಮಲಗಿಸಲು ತಿಂಗಳಿಗೊಂದು ಸಾವಿರ. ಈ ಎರಡು ವರ್ಷದಲ್ಲಿ ಇಪ್ಪತ್ತು ಲೀಟರನ್ನು ಮರ ಹೀರಿ ಗಾಳಿಗೆ ಬಿಡುತ್ತದೆ. ಅಲ್ಲಿಯ ಕೆಲಸಗಾರರು ಅದನ್ನು ಗಾಳಿಪಾಲು ಎಂದು ಕರೆದು ಸುಮ್ಮನಾಗಿದ್ದಾರೆ. ಉಳಿದದ್ದು ಇನ್ನೂರನಲವತ್ತು ಬಾಟಲಿ. ಬಾಟಲಿಗೆ ಎರಡೂವರೆ ಸಾವಿರದಂತೆ ಆರು ಲಕ್ಷ. ಪೀಪಾಯಿ ಕೆಟ್ಟರೆ ವಿನೆಗರ್ ಮಾಡುವವರು ಟ್ಯಾಂಕರ್ ತಂದು ಎಂಟೂವರೆ ಸಾವಿರ ಕೊಟ್ಟು ಹೀರಿಕೊಂಡು ಹೋಗುತ್ತಾರೆ.

ಆರು ಲಕ್ಷವೋ, ಎಂಟೂವರೆ ಸಾವಿರವೋ? ಇದನ್ನು ಹೇಳಲು ಒಂದು ನಾಲಗೆ ಬೇಕು. ಹನ್ನೆರಡು ವರ್ಷ ಆ ನಾಲಗೆ ಜಯಶೀಲಮ್ಮನದಾಗಿತ್ತು, ತಿಂಗಳಿಗೆ ನಲವತ್ತಾರು ಸಾವಿರಕ್ಕೆ. ಆಮೇಲೆ ಹನ್ನೊಂದು ಕೋಟಿ ಕೊಟ್ಟು ಇನ್ನೊಂದು ನಾಲಗೆ ತಂದರು.

ಮದ್ದೂರಿನಾಚೆ ಶಿಂಷಾ ದಂಡೆಯ ಹಳೆಯ ರೈಸ್ ಮಿಲ್ಲೊಂದನ್ನು ಕೊಂಡು 'ಕರಿನೊರೆ' ಎಂಬ ಕಂಪನಿ ಈ ಕೆಲಸ ಶುರುಮಾಡಿ ಹದಿನೆಂಟು ವರ್ಷವಾಗಿತ್ತು. ಸ್ಟೌಟ್ ಅಂದರೆ ಹುರಿದ ಧಾನ್ಯದಿಂದ ಮಾಡಿದ ಕಡುಗಪ್ಪು ಬಿಯರು. ಅದನ್ನು ಮರದ ಪೀಪಾಯಿಯಲ್ಲಿ ಹಳೆಯದಾಗಿಸಿದರೆ ಬೇರೆಯೇ ಪದಾರ್ಥವಾಗುತ್ತದೆ. ಜಯಶೀಲಮ್ಮ ಅಲ್ಲಿಗೆ ಬಂದದ್ದು ಪೀಪಾಯಿ ತೊಳೆಯಲು. ಅಪ್ಪನ ಆಲೆಮನೆಯಲ್ಲಿ ಕೊಪ್ಪರಿಗೆಯ ಹೊಗೆ ಮೂಗಿಗೆ ಬಿದ್ದರೆ ಸಾಕು, ಪಾಕಕ್ಕೆ ಇನ್ನೆಷ್ಟು ಹೊತ್ತು ಎಂದು ಹೇಳುತ್ತಿದ್ದ ಹುಡುಗಿ ಅವಳು. ತೊಳೆಯಲು ತಂದ ಪೀಪಾಯಿಯ ಬಾಯಿಗೆ ಮೂಗಿಟ್ಟು, "ಇದು ಇನ್ನೂ ಆರು ತಿಂಗಳು ಮಲಗಬೇಕಿತ್ತು, ಆತುರ ಬಿದ್ದವ್ರೆ" ಎಂದು ಅಂದದ್ದು ಮ್ಯಾನೇಜರ್ ಬಿದ್ದಪ್ಪನವರ ಕಿವಿಗೆ ಬಿತ್ತು. ಮರುದಿನದಿಂದ ಅವಳ ಕೈಗೆ ಪೊರಕೆ ಬದಲು ಗಾಜಿನ ಲೋಟ ಬಂತು.

ರುಚಿ ನೋಡುವವರು ನುಂಗುವುದಿಲ್ಲ, ಬಾಯಲ್ಲಿ ಹೊರಳಿಸಿ ಉಗಿಯುತ್ತಾರೆ. "ಕುಡಿದು ಕೆಟ್ಟೋರ್ನ ಬೇಕಾದಷ್ಟು ಕಂಡಿವ್ನಿ, ಉಗುದು ಉದ್ಧಾರ ಆದೋಳು ನೀನೊಬ್ಳೇಯ" ಎಂದು ಅವಳ ಗಂಡ ಶಿವಲಿಂಗು ಮೂವತ್ತು ವರ್ಷ ಬಸ್ಸು ಓಡಿಸಿದ ಗಟ್ಟಿ ದನಿಯಲ್ಲಿ ನಗುತ್ತಿದ್ದ. ನುಂಗದಿರುವ ಆ ನೇಮಕ್ಕೆ ಜಯಶೀಲಮ್ಮ ತಾನೇ ಒಂದು ಸಡಿಲ ಇಟ್ಟುಕೊಂಡಿದ್ದಳು. ಪೀಪಾಯಿ ಹದಕ್ಕೆ ಬಂದ ದಿನದ ಮೊದಲ ಗುಟುಕನ್ನು ನುಂಗುತ್ತಿದ್ದಳು. ಹಣ್ಣು ಮಾಗಿಸಿದವರು ಒಂದು ಹೋಳು ತಿನ್ನದಿದ್ದರೆ ಹಣ್ಣಿಗೇ ಅವಮಾನ ಎಂಬುದು ಅವಳ ವಾದ.

ಹನ್ನೊಂದು ಕೋಟಿಯ ನಾಲಗೆಗೆ 'ಮುನ್ನಾಲಗೆ' ಎಂದು ಹೆಸರಿಟ್ಟಿದ್ದರು. ನೋಡಲು ಬೀರುವಿನಷ್ಟು ದೊಡ್ಡದು. ಒಳಗೆ ನಲವತ್ತು ಗಾಜಿನ ಸೂಜಿಗಳು, ಒಂದೊಂದರ ತುದಿಗೆ ಒಂದೊಂದು ಬಗೆಯ ಲೇಪ. ಹನಿ ಬಿದ್ದೊಡನೆ ಒಂದು ಸೂಜಿ ಹುಳಿಗೆ ಮಿಡಿದರೆ ಇನ್ನೊಂದು ಒಗರಿಗೆ, ಮತ್ತೊಂದು ಮರದಿಂದ ಇಳಿದ ಕಂಪಿಗೆ. ಇಷ್ಟನ್ನೇ ಮಾಡಿದ್ದರೆ ಅದು ಬರೀ ನಾಲಗೆಯಾಗುತ್ತಿತ್ತು. ಅದರ ಹೆಚ್ಚುಗಾರಿಕೆ ಇದ್ದದ್ದು ಬೇರೆ ಕಡೆ: ಇವತ್ತಿನ ಹನಿಯನ್ನು ನೋಡಿ, ಈ ಪೀಪಾಯಿ ಎರಡು ವರ್ಷಕ್ಕೆ ಏನಾಗುತ್ತದೆ ಎಂದು ಹೇಳುತ್ತಿತ್ತು. ಕೆಡುವ ಪೀಪಾಯಿಯನ್ನು ಎರಡು ವರ್ಷ ಕಾಯ್ದು ಬಾಡಿಗೆ ಕಟ್ಟುವ ಬದಲು ಮೊದಲೇ ಖಾಲಿಮಾಡಿದರೆ ಎಷ್ಟು ಉಳಿತಾಯ! ಯಂತ್ರ ಬಂದ ನಾಲ್ಕು ವರ್ಷದಲ್ಲಿ ಹಾಗೆ ನಾನೂರಕ್ಕೂ ಹೆಚ್ಚು ಪೀಪಾಯಿ ಖಾಲಿಯಾಗಿದ್ದವು. ಯಂತ್ರ 'ಆಗಬಹುದು' ಎಂದು ಬಿಟ್ಟ ಪೀಪಾಯಿಗಳು ಮಾತ್ರ ಜಯಶೀಲಮ್ಮನ ಲೋಟಕ್ಕೆ ಬರುತ್ತಿದ್ದವು.

ಏಳನೇ ಸಾಲು ಬಂದದ್ದು ಇಲ್ಲಿಗೆ. ಮೂವತ್ತೆಂಟು ಪೀಪಾಯಿ. ಎಲ್ಲವೂ ಚನ್ನಪಟ್ಟಣದ ಅಯೂಬ್ ಸಾಬರ ಕೈಕೆಲಸ. ಅಜ್ಜನ ಕಾಲದಿಂದ ಮರದ ಗೊಂಬೆ ಕಡೆಯುತ್ತಿದ್ದ ಮನೆತನ. ಗೊಂಬೆಗೆ ಗಿರಾಕಿ ಕಡಿಮೆಯಾದಾಗ ಅಯೂಬ್ ಸಾಬರು ಹದಿನೆಂಟು ಆಳು ಕಟ್ಟಿಕೊಂಡು ಪೀಪಾಯಿ ಕೆಲಸ ಕಲಿತಿದ್ದರು. ಪರದೇಶದ ಪೀಪಾಯಿ ಮೂವತ್ತೆಂಟು ಸಾವಿರವಾದರೆ ಇವರದು ಹತ್ತೊಂಬತ್ತು. ಇದು ಅವರ ಮೊದಲ ಸಾಲು. ಇದು ಗೆದ್ದರೆ ಮುಂದಿನ ಪೀಪಾಯಿಗಳೆಲ್ಲ ಅವರದು, ಸೋತರೆ ಅಂಗಡಿ ಮುಚ್ಚುವುದೇ.

ಹದಿನಾಲ್ಕು ತಿಂಗಳಿಗೆ ಮುನ್ನಾಲಗೆ ಮೂವತ್ತೆಂಟಕ್ಕೂ ಒಂದೇ ತೀರ್ಪು ಕೊಟ್ಟಿತು. ಕೆಡುವ ಸಂಭವ ನೂರಕ್ಕೆ ತೊಂಬತ್ತನಾಲ್ಕು.

ಗುರುವಾರ ಮಧ್ಯಾಹ್ನ ಬಿದ್ದಪ್ಪನವರು ಸಾಲಿನ ಮುಂದೆ ಹಳದಿ ಚೀಟಿ ಅಂಟಿಸಿ ಹೋದರು: ಸೋಮವಾರ ಟ್ಯಾಂಕರ್. ಅಯೂಬ್ ಸಾಬರು ಸುದ್ದಿ ಕೇಳಿ ಬಂದವರು ತಾವೇ ಕೂಡಿಸಿದ ಹಲಗೆಗಳನ್ನು ಸವರುತ್ತ ನಿಂತಿದ್ದರು.

"ನಮ್ದು ಮರ ಕೆಟ್ಟದ್ದು ಅಂತಾರಲ್ಲಕ್ಕ. ಎರಡು ವರ್ಷ ಬಿಸಿಲು ಗಾಳಿಗೆ ಇಟ್ಟು ಒಣಗಿಸಿದ ಮರ. ನನ್ನ ಮಗಳ ಮದುವೆ ಮಂಚಕ್ಕೂ ಅಷ್ಟು ಕಾದಿಲ್ಲ ನಾನು."

"ಮಂಚ ಕಿರುಗುಟ್ಟುತ್ತಾ?"

"ಅಯ್ಯೋ, ನೀವೊಬ್ರು!" ಎಂದು ಅಷ್ಟು ದುಃಖದಲ್ಲೂ ಅಯೂಬ್ ಸಾಬರಿಗೆ ನಗು ಬಂತು.

ಯಂತ್ರ ಬೇಡವೆಂದ ಪೀಪಾಯಿಯ ರುಚಿ ನೋಡುವುದು ಈಗ ಅವಳ ಕೆಲಸವಲ್ಲ. ಆದರೂ ಜಯಶೀಲಮ್ಮ ಹತ್ತೊಂಬತ್ತನೇ ಪೀಪಾಯಿಯ ಬಿರಡೆ ತೆಗೆದು, ಗಾಜಿನ ಕೊಳವೆ ಇಳಿಸಿ ಒಂದು ಗುಟುಕು ತೆಗೆದಳು. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ನಾಲಗೆ ಬಾಯಿಯ ಮೇಲ್ಭಾಗಕ್ಕೆ ಅಂಟಿಕೊಂಡಿತು. ಕಂಪು ಅನ್ನುವುದು ಬಾಗಿಲು ಹಾಕಿಕೊಂಡ ಮನೆಯಂತಿತ್ತು. ಆದರೆ ಕೆಟ್ಟ ಮನೆಯಲ್ಲ. ಒಳಗೆ ಯಾರೋ ಇದ್ದಾರೆ. ಉಗಿದು, ನಾಲ್ಕು ಕಾಳು ಹುರಿಗಡಲೆ ಅಗಿದು ಬಾಯಿ ತಿಳಿಮಾಡಿಕೊಂಡಳು.

"ಕೆಟ್ಟಿಲ್ಲ ಕಣಣ್ಣ. ಮುನಿಸ್ಕೊಂಡದೆ."

"ಹಂಗಂತ ಬರೆದು ಕೊಡ್ತೀರಾ?"

ಜಯಶೀಲಮ್ಮ ಬಿರಡೆಯನ್ನು ಮತ್ತೆ ಒತ್ತಿ ಕೂರಿಸಿದಳು. ಹಾಗೆ ಮುನಿಸಿಕೊಂಡ ಪೀಪಾಯಿಗಳು ಹಿಂದೆ ಎಷ್ಟೋ ಇದ್ದವು, ಅವು ಆಮೇಲೆ ಏನಾದವು ಎಂದೂ ಅವಳಿಗೆ ಗೊತ್ತಿತ್ತು. ಆದರೆ ನಾಲ್ಕು ವರ್ಷದಿಂದ ಅಂಥ ಒಂದೂ ಅವಳ ಬಾಯಿಗೆ ಬಂದಿರಲಿಲ್ಲ. ಒಂದು ಗುಟುಕನ್ನೂ ಅವಳು ನುಂಗಿರಲಿಲ್ಲ. ಐವತ್ತಾರು ವಯಸ್ಸು, ನಾಲಗೆ ಮಂಕಾಯಿತೇನೋ ಎಂದುಕೊಂಡು ಆ ಸಂಗತಿಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಶಿವಲಿಂಗು ನಾಲೆಯ ಕೆಳಗಿನ ಗದ್ದೆ ನೋಡಿಕೊಂಡು ಬಂದು ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದ. ಸೊಸೆ ಚಂದ್ರಕಲಾ ಒಲೆಯ ಮುಂದಿದ್ದಳು. ಬಸ್ಸಿನ ಎಂಜಿನ್ ಪಕ್ಕ ಮೂವತ್ತು ವರ್ಷ ಕೂತ ಶಿವಲಿಂಗುವಿನ ಎಡಗಿವಿ ಅರ್ಧ ಹೋಗಿತ್ತು.

"ಒಡೆದೋಯ್ತು!" ಎಂದು ಅಡುಗೆಮನೆಯಿಂದ ಚಂದ್ರಕಲಾ ಕೂಗಿದಳು.

"ಒಡೀತಾ?" ಶಿವಲಿಂಗುವಿನ ಮುಖ ಅರಳಿತು. "ಯಾರು ಹೇಳುದ್ರವ್ವ ನಿಂಗೆ? ನಾನು ಈಗ ನೋಡ್ಕಂಡು ಬತ್ತಾವ್ನಿ. ಪೂರ್ತಿ ಒಡೆದಿಲ್ಲ, ಅಲ್ಲೊಂದು ಇಲ್ಲೊಂದು. ಸೋಮವಾರದೊತ್ತಿಗೆ ಎಲ್ಲಾ ಒಡೀತವೆ. ಒಳ್ಳೇದಾಯ್ತು ಬುಡು."

"ಏನ್ ಒಳ್ಳೇದು ಮಾವ! ಒಂದು ಲೀಟರ್ ಹಾಲು!"

"ಹಾಲು ತುಂಬ್ಕೊಳ್ಳಾದು ಆಮೇಲೆ ಕಣವ್ವ. ಮೊದ್ಲು ತೆನೆ ಒಡೀಬೇಕು, ಆಮೇಲೆ ಕಾಳಿಗೆ ಹಾಲು."

"ಅತ್ತೇ, ನೀವಾದ್ರೂ ಹೇಳಿ. ಕಾಫಿಗಿಟ್ಟ ಹಾಲು ಒಡೆದೋಯ್ತು ಅಂದ್ರೆ ಮಾವ ಗದ್ದೆ ಸುದ್ದಿ ಹೇಳ್ತಾವ್ರೆ!"

ಚಂದ್ರಕಲಾ ನಕ್ಕಳು, ಶಿವಲಿಂಗುವಿಗೂ ಅರ್ಥವಾಗಿ ಅವನೂ ನಕ್ಕ. ಜಯಶೀಲಮ್ಮ ನಗಲಿಲ್ಲ. ತಲೆ ಬಾಚಿಕೊಳ್ಳುತ್ತಿದ್ದವಳ ಕೈ ಅಲ್ಲೇ ನಿಂತಿತು. ಒಡೆದ ಹಾಲನ್ನು ಚೆಲ್ಲುತ್ತಾರೆ. ಒಡೆದ ತೆನೆಗೆ ಕೈಮುಗಿಯುತ್ತಾರೆ. ಅವಳ ಹನ್ನೆರಡು ವರ್ಷದ ಪುಸ್ತಕಗಳಲ್ಲಿ, ಒಳ್ಳೊಳ್ಳೆಯ ಪೀಪಾಯಿಗಳ ಪುಟದ ಕೊನೆಯಲ್ಲಿ, ಅವಳು ಬರೆದಿದ್ದ ಮಾತು ಅದೇ: ಒಡೀತು.

"ಕಾಫಿ ಬ್ಯಾಡ, ನಾನು ಹೊಂಟೆ" ಎಂದು ಬಾಚಣಿಗೆಯನ್ನು ತಲೆಯಲ್ಲೇ ಸಿಕ್ಕಿಸಿಕೊಂಡು ಹೊರಟಳು. ಬಸ್ಸಿನಲ್ಲಿ ಪಕ್ಕದವಳು ಹೇಳಿದ ಮೇಲೆ ಅದನ್ನು ತೆಗೆದಳು.

ಮುನ್ನಾಲಗೆಯ ಕೋಣೆಯಲ್ಲಿ ಪ್ರಣತಿ ಒಬ್ಬಳೇ ಇದ್ದಳು. ಉಡುಪಿಯ ಕಡೆಯ ಹುಡುಗಿ, ಎರಡು ವರ್ಷದಿಂದ ಯಂತ್ರದ ಉಸ್ತುವಾರಿ. ಬಾಯಿಗೆ ಬಿಯರು ಮುಟ್ಟಿಸಿದವಳಲ್ಲ. ಅದರ ಅಗತ್ಯವೂ ಯಾರಿಗೂ ಕಂಡಿರಲಿಲ್ಲ, ನಾಲಗೆ ಬೀರುವಿನೊಳಗಿತ್ತಲ್ಲ.

"ಪ್ರಣತಮ್ಮ, ಈ ನಿನ್ ಮಿಷನ್ನು ಮುಂದಾಗೋದನ್ನ ಹೆಂಗೆ ಹೇಳ್ತದೆ? ಸುತ್ತಿ ಬಳಸಿ ಹೇಳಬ್ಯಾಡ, ನನಗೆ ತಿಳಿಯೋ ಹಂಗೆ ಹೇಳು."

"ಅದಕ್ಕೆ ಮುಂದಿನದು ಕಾಣೋದಿಲ್ಲ ಅಮ್ಮ. ಹಿಂದಿನದು ಗೊತ್ತು, ಅಷ್ಟೆ. ನೀವು ಹನ್ನೆರಡು ವರ್ಷ ತಿಂಗಳಿಗೊಮ್ಮೆ ಒಂದೊಂದು ಪೀಪಾಯಿಯಿಂದ ಸೀಸೆ ತುಂಬಿ ಮೊಹರು ಹಾಕಿಟ್ಟಿದ್ರಲ್ಲ, ಆ ಸೀಸೆಗಳನ್ನೆಲ್ಲ ಅದು ಸವಿದಿದೆ. ಆ ತಿಂಗಳು ನೀವು ಪುಸ್ತಕದಲ್ಲಿ ಏನು ಬರೆದಿದ್ರಿ ಅನ್ನೋದನ್ನ ಜೊತೆಗಿಟ್ಟು ಕಲ್ತಿದೆ. ಈ ರುಚಿಯಾದ ಮೇಲೆ ಈ ರುಚಿ, ಕೊನೆಗೆ ಹೀಗಾಯ್ತು. ಹೊಸ ಪೀಪಾಯಿ ಅದೇ ದಾರಿ ಹಿಡಿದ್ರೆ ಅದೇ ಊರಿಗೆ ಹೋಗುತ್ತೆ ಅನ್ನುತ್ತೆ."

"ಊರು ಒಳ್ಳೇದೋ ಕೆಟ್ಟದ್ದೋ ಅನ್ನಾದು?"

"ನಿಮ್ಮ ಮಾತಿಂದ. ಪ್ರತಿ ಪೀಪಾಯಿಯ ಪುಟದ ಕೊನೇ ಮಾತು."

"ಮಾರಾಟದ ರೇಟಿಂದ ಯಾಕೆ ಅಲ್ಲ?"

"ಆಗ ಎಲ್ಲಾ ಪೀಪಾಯಿಗಳನ್ನೂ ಒಂದೇ ದೊಡ್ಡ ತೊಟ್ಟಿಗೆ ಸುರಿದು ಬೆರೆಸ್ತಿದ್ರಿ. ಯಾವ ಪೀಪಾಯಿಗೆ ಎಷ್ಟು ಬೆಲೆ ಅಂತ ಬೇರೆ ದಾಖಲೆಯೇ ಇಲ್ಲ. ನಿಮ್ಮ ಮಾತೊಂದೇ ಇದ್ದದ್ದು."

ಜಯಶೀಲಮ್ಮ ಕುರ್ಚಿ ಎಳೆದು ಕೂತಳು. "ನನ್ನ ಮಾತುಗಳ ಪಟ್ಟಿ ಇದ್ರೆ ತೋರ್ಸು. 'ಒಡೀತು' ಅನ್ನೋದಕ್ಕೆ ಏನ್ ಬರ್ಕೊಂಡವ್ರೆ ನೋಡು."

ಪ್ರಣತಿ ಪರದೆಯ ಮೇಲೆ ಹುಡುಕಿದಳು. ಇನ್ನೂರ ಹದಿಮೂರು ಮಾತುಗಳು. ಮೂವತ್ತೊಂದನೆಯದು: ಒಡೀತು. ಅರ್ಥ: ಹಾಳಾಗಿದೆ, ಕೂಡಲೇ ಖಾಲಿಮಾಡಬೇಕು. ಆಧಾರ: ಜಯಶೀಲಮ್ಮ, ಫೋನಿನಲ್ಲಿ.

"ನಾನಾ?"

ಹಿಂದಿದ್ದ ಎಂಜಿನಿಯರ್ ಆ ಫೋನಿನ ಮಾತುಕತೆಯನ್ನು ರೆಕಾರ್ಡ್ ಮಾಡಿಟ್ಟಿದ್ದ. ಪ್ರಣತಿ ಅದನ್ನು ಹಾಕಿದಳು. ಬೆಂಗಳೂರಿನ ಹುಡುಗನ ದನಿ: "ಅಮ್ಮ, ಒಡೀತು ಅಂತ ತುಂಬ ಕಡೆ ಬರೆದಿದ್ದೀರ. ಒಡೆದ ಮೇಲೆ ಏನು ಮಾಡ್ತೀರ?" ಆಮೇಲೆ ಜಯಶೀಲಮ್ಮನದೇ ದನಿ, ಹಿಂದೆ ಕುಕ್ಕರಿನ ಸೀಟಿ: "ಒಡೆದ್ಮೇಲೆ ಒಂದು ದಿನಾನೂ ಇಟ್ಕೋಬಾರ್ದು ಕಣಪ್ಪ. ತಗದು ಖಾಲಿ ಮಾಡ್ಬುಡ್ಬೇಕು." "ಅಂದ್ರೆ ಹಾಲು ಒಡೆದ ಹಾಗೇನಾ?" ಕುಕ್ಕರು ಇನ್ನೊಮ್ಮೆ ಕೂಗಿತು. "ಹೂ ಹೂ, ಇಡು, ಆಮೇಲೆ ಮಾಡ್ತೀನಿ."

 ಜಯಶೀಲಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತೆನೆಯಂತೆ ಒಡೆದ ಪೀಪಾಯಿಯನ್ನು ಹೆಚ್ಚು ದಿನ ಇಡಬಾರದು, ಇಟ್ಟರೆ ಮರದ ರುಚಿಯೇ ಮೇಲಾಗುತ್ತದೆ, ಅದಕ್ಕೆ ತೊಟ್ಟಿಗೆ ಖಾಲಿಮಾಡಬೇಕು. ಹಾಲಿಗೂ ಅದೇ ಮಾತು ಹೊಂದಿತು. ಆ ಮಾತಾದ ಮೇಲೆ ಪುಸ್ತಕದಲ್ಲಿ ಆ ಪೀಪಾಯಿಯ ಪುಟವೂ ಖಾಲಿಯೇ. ಹುಡುಗನಿಗೆ ಅದು ಸತ್ತವರ ಜಾತಕದಂತೆ ಕಂಡಿರಬೇಕು.

"ಪ್ರಣತಮ್ಮ, ಒಡೆಯೋದು ಅಂದ್ರೆ ಪೈರಿನ ಹೊಡೆಯಿಂದ ತೆನೆ ಹೊರಕ್ಕೆ ಬರೋದು. ಮೊಗ್ಗು ಒಡೆಯೋದು, ಚಿಗುರು ಒಡೆಯೋದು. ಅದು ನನ್ನ ಪುಸ್ತಕದಾಗೆ ಎಲ್ಲಕ್ಕಿಂತ ದೊಡ್ಡ ಮಾತು. ಕೆಟ್ಟದ್ದಕ್ಕೆ ನಾನು 'ಕೆಡ್ತು' ಅಂತಲೇ ಬರೀತಿದ್ದೆ."

ಪ್ರಣತಿ ಪರದೆಯ ಕಡೆ ತಿರುಗಿದಳು. "ಹಾಗಾದ್ರೆ... ಒಳ್ಳೇದಾಗೋ ದಾರಿ ಹಿಡಿದ ಪೀಪಾಯಿಗಳನ್ನೇ ಇದು ನಾಲ್ಕು ವರ್ಷ..."

"ವಿನೆಗರಿಗೆ ಕಳಿಸ್ತು. ಸಾಧಾರಣದ್ದನ್ನ ನನ್ನ ಹತ್ರ ಬುಡ್ತು. ನನ್ನ ನಾಲಗೆ ಮಂಕಾಗದೆ ಅಂತ ನಾನು ನಾಲ್ಕು ವರ್ಷ ಸುಮ್ಮನಿದ್ದೆ."

ಪ್ರಣತಿ ತಗ್ಗಿದ ದನಿಯಲ್ಲಿ ಹೇಳಿದಳು: "ಅಮ್ಮ, ವರದಿಯಲ್ಲಿ 'ಯಂತ್ರದ ಕಲಿಕೆಯಲ್ಲಿ ದೋಷ' ಅಂತ ಬರೀತೇನೆ. ಆ ಫೋನಿನ ವಿಷಯ ಯಾಕೆ? ಆ ಹುಡುಗನೂ ಈಗ ಇಲ್ಲಿಲ್ಲ. ನಿಮ್ಮ ಹೆಸರು ಬರೋದು ಬೇಡ."

ಜಯಶೀಲಮ್ಮ ಅವಳ ಕೈ ಮೇಲೆ ಕೈಯಿಟ್ಟಳು. "ನಿನ್ ಮನಸ್ಸು ದೊಡ್ಡದು ಕಣವ್ವ. ಆದ್ರೆ ಯೋಚನೆ ಮಾಡು. ಮಿಷನ್ನು ತಪ್ಪು ಅಂದ್ರೆ ಹನ್ನೊಂದು ಕೋಟಿ ಎದ್ದು ಜಗಳಕ್ಕೆ ಬತ್ತದೆ. ಕಮಿಟಿ ಅಂತಾರೆ, ತನಿಖೆ ಅಂತಾರೆ, ಅಷ್ಟರಾಗೆ ಸೋಮವಾರ ಟ್ಯಾಂಕರ್ ಬಂದು ಹೋಯ್ತದೆ. ಒಬ್ಳು ಹೆಂಗಸು ತಪ್ಪು ಹೇಳಿಬುಟ್ಳು ಅಂದ್ರೆ ಯಾರಿಗೂ ನೋವಿಲ್ಲ, ಐದು ನಿಮಿಷಕ್ಕೆ ಒಪ್ಕೋತಾರೆ. ನನ್ನ ಹೆಸರೇ ಹಾಕು. ದಪ್ಪ ಅಕ್ಷರದಾಗೆ ಹಾಕು."

ಬಿದ್ದಪ್ಪನವರು ಕೊಡಗಿನವರು. ಮೀಸೆ ಎಷ್ಟು ನೆಟ್ಟಗೋ ಮಾತೂ ಅಷ್ಟೇ ನೆಟ್ಟಗೆ. ಶನಿವಾರ ಅವರ ಕೋಣೆಯಲ್ಲಿ ಫೋನಿನ ದನಿ ಎರಡು ಸಲ ಕೇಳಿದರು.

"ಇದು ನಿಮ್ಮ ದನಿಯೇ, ಜಯಶೀಲಮ್ಮ?"

"ನಂದೇ ಸಾರ್. ಕುಕ್ಕರೂ ನಂದೇ."

ಅವರು ನಗಲಿಲ್ಲ. "ಆಗಲಿ, ಒಂದು ಮಾತು ತಪ್ಪಾಯ್ತು. ಆದರೆ ಈ ಸಾಲು ಒಳ್ಳೆಯದಾಗುತ್ತೆ ಅನ್ನೋದಕ್ಕೆ ಏನು ಆಧಾರ? ಪ್ರಣತಿ ಯಂತ್ರಕ್ಕೆ ಹೊಸ ಅರ್ಥ ಕಲಿಸಿದರೆ ಅದು ಒಳ್ಳೆಯದು ಅನ್ನುತ್ತೆ. ಅದು ನೀವು ಹೇಳಿದ್ದನ್ನೇ ತಿರುಗಿ ಹೇಳಿದ ಹಾಗೆ. ಅವತ್ತೂ ನಿಮ್ಮ ಮಾತು, ಇವತ್ತೂ ನಿಮ್ಮ ಮಾತು."

ಈ ಪ್ರಶ್ನೆ ಬರುತ್ತದೆಂದು ಜಯಶೀಲಮ್ಮನಿಗೆ ಗೊತ್ತಿತ್ತು. ಬಿದ್ದಪ್ಪನವರ ಜಾಗದಲ್ಲಿದ್ದರೆ ಅವಳೂ ಇದನ್ನೇ ಕೇಳುತ್ತಿದ್ದಳು. "ಅದಕ್ಕೇ ಮಾತು ಬ್ಯಾಡ ಸಾರ್. ಪೀಪಾಯೇ ಹೇಳ್ಲಿ. ನನ್ನ ಪುಸ್ತಕದಾಗೆ ಮುನಿಸಿಕೊಂಡ ಪೀಪಾಯಿ ಐದು ವಾರದಿಂದ ಹನ್ನೊಂದು ವಾರದೊಳಗೆ ಒಡೆದವೆ. ಈ ಸಾಲು ಮುನಿಸಿಕೊಂಡು ಏಳು ವಾರ ಆಯ್ತು ಅಂತ ಮಿಷನ್ನಿನ ಲೆಕ್ಕವೇ ಹೇಳ್ತದೆ. ನಾಲ್ಕು ವಾರ ಕೊಡಿ."

"ಮೂರು."

"ಆಯ್ತು, ಮೂರು."

"ಒಡೆಯದಿದ್ದರೆ?"

"ಲೋಟ ತೊಳೆದಿಟ್ಟು ಮನೆಗೆ ಹೋಯ್ತೀನಿ. ಈಗಲೇ ಬರೆದು ಕೊಡ್ತೀನಿ."

ಬಿದ್ದಪ್ಪನವರು ಕಾಗದ ಮುಂದಕ್ಕೆ ತಳ್ಳಿದರು. ಅವಳು ಬರೆದಳು. ಟ್ಯಾಂಕರಿಗೆ ಫೋನು ಹೋಯಿತು.

ಆ ಮೂರು ವಾರ ಜಯಶೀಲಮ್ಮ ದಿನಾ ಬೆಳಿಗ್ಗೆ ಏಳಕ್ಕೆ ಬರಿಹೊಟ್ಟೆಯಲ್ಲಿ ಸಾಲಿನ ಮುಂದೆ ನಿಲ್ಲುತ್ತಿದ್ದಳು. ಮನೆಯಲ್ಲಿ ಒಗ್ಗರಣೆಗೆ ಇಂಗು ಬೇಡವೆಂದಳು, ಈರುಳ್ಳಿ ಬೇಡವೆಂದಳು. ಶಿವಲಿಂಗು ಸಪ್ಪೆ ಸಾರು ಉಂಡು, "ನಿನ್ ಪೀಪಾಯಿಗೆ ನಾನ್ಯಾಕೆ ಪಥ್ಯ ಮಾಡ್ಬೇಕೇ?" ಎಂದು ಗೊಣಗಿದ. ಆದರೂ ಬಡಿಸಿದ್ದನ್ನು ಬಿಡದೆ ಉಂಡ. ಕೆಲಸ ಬಿಡುವ ಕಾಗದದ ವಿಷಯ ಅವಳು ಹೇಳಿದಾಗ ಮಾತ್ರ ತುತ್ತು ಅರ್ಧಕ್ಕೆ ನಿಂತಿತು.

"ತಪ್ಪು ಒಪ್ಕೊಂಡ್ಯಲ್ಲ, ಅಷ್ಟು ಸಾಲ್ದಾಗಿತ್ತಾ?"

"ಒಪ್ಕೊಂಡ್ರೆ ಹೋದ ಪೀಪಾಯಿ ಬತ್ತವಾ? ಇರೋದಾದ್ರೂ ಉಳೀಬೇಕು."

ಮೊದಲ ವಾರ ಬರೀ ಒಗರು. ಎರಡನೇ ವಾರವೂ ಒಗರು. ಪ್ರಣತಿ ಹಗಲೆಲ್ಲ ಕೂತು ಮೂವತ್ತೊಂದನೇ ಮಾತಿನ ಅರ್ಥ ಬದಲಿಸಿ, ಹನ್ನೆರಡು ವರ್ಷದ ಸೀಸೆಗಳನ್ನು ಯಂತ್ರಕ್ಕೆ ಮತ್ತೆ ಕಲಿಸಿದಳು. ಹನ್ನೊಂದನೇ ದಿನ ಮುನ್ನಾಲಗೆ ಹೊಸ ತೀರ್ಪು ಕೊಟ್ಟಿತು: ಏಳನೇ ಸಾಲು ಒಡೆಯುವ ಸಂಭವ ನೂರಕ್ಕೆ ಎಂಬತ್ತೆಂಟು.

"ಯಾವತ್ತು ಅಂತ ಹೇಳ್ತದಾ?"

"ಇಲ್ಲಮ್ಮ. ಅದು ಗೊತ್ತಾಗೋದಿಲ್ಲ."

"ಹಂಗಾದ್ರೆ ಅದಕ್ಕೂ ನನಗೂ ಒಂದೇ ಪಾಡು. ಬಾ, ಇಬ್ರೂ ಕಾಯಾನ ಅನ್ನು ಅದಕ್ಕೆ."

ಹದಿಮೂರನೇ ದಿನ ಹನ್ನೊಂದನೇ ಪೀಪಾಯಿಯ ಬಿರಡೆ ತೆಗೆದ ಕೂಡಲೇ ಮೂಗಿಗೆ ಚುಚ್ಚಿತು. ನಾಲಗೆಗೆ ಇಡುವುದೂ ಬೇಕಿರಲಿಲ್ಲ, ಇಟ್ಟಳು. ಹುಳಿ, ಅಪ್ಪಟ ಹುಳಿ. ಪಕ್ಕದಲ್ಲಿ ನಿಂತಿದ್ದ ಅಯೂಬ್ ಸಾಬರು ಅವಳ ಮುಖ ನೋಡಿಯೇ ಕೆಳಗೆ ಕೂತರು.

"ಬರೀಬೇಡಿ ಅಕ್ಕ. ಇವತ್ತು ಬರೀಬೇಡಿ. ಒಂದು ಕೆಟ್ಟಿದೆ ಅಂತ ಗೊತ್ತಾದ್ರೆ ಎಲ್ಲಾನೂ ಎತ್ತಿಸ್ತಾರೆ."

"ಬರೀದೆ ಹೋದ್ರೆ ನಾಳೆ ನಾನು ಒಳ್ಳೇದು ಅಂತ ಬರೆದ್ರೂ ಯಾರು ನಂಬ್ತಾರೆ ಅಣ್ಣ?" ಎಂದು ಅವಳು ಪುಸ್ತಕ ತೆಗೆದು ಹನ್ನೊಂದನೇ ಪೀಪಾಯಿಯ ಪುಟದಲ್ಲಿ 'ಕೆಡ್ತು' ಎಂದು ಬರೆದು, ತಾನೇ ಹೋಗಿ ಬಿದ್ದಪ್ಪನವರಿಗೆ ತೋರಿಸಿ ಬಂದಳು. ಅವರು ಓದಿ ಪುಟದ ಅಂಚಿಗೆ ಸಹಿ ಹಾಕಿ ಪುಸ್ತಕ ವಾಪಸು ಕೊಟ್ಟರು. ಬೈಯುತ್ತಾರೆಂದು ಎಣಿಸಿ ಹೋದವಳಿಗೆ ಆ ಸಹಿಯೇ ಧೈರ್ಯವಾಯಿತು.

ಹದಿನೆಂಟನೇ ದಿನ, ಬುಧವಾರ. ಹತ್ತೊಂಬತ್ತನೇ ಪೀಪಾಯಿ.

ಕೊಳವೆ ಮೇಲೆ ಬರುವ ಮೊದಲೇ ಜಯಶೀಲಮ್ಮನ ಮೂಗು ಎದ್ದು ನಿಂತಿತು. ಲೋಟಕ್ಕೆ ಬಿದ್ದ ಕಪ್ಪು ದ್ರವದ ಅಂಚು ಬೆಳಕಿಗೆ ಕೆಂಪಗೆ ಕಂಡಿತು. ಬಾಯಿಗಿಟ್ಟಳು. ಮೊದಲು ಬೆಲ್ಲದ ಕೊಪ್ಪರಿಗೆಯ ತಳ ಕೆರೆದಾಗಿನ ಗಸಿ, ಅದರ ಬೆನ್ನಿಗೇ ಹುರಿದ ರಾಗಿ, ಆಮೇಲೆ ಒಣದ್ರಾಕ್ಷಿ, ಕೊನೆಯಲ್ಲಿ ಬೆಚ್ಚಗಿನ ಮರ. ಮೊನ್ನೆಯ ಒಗರು ಹೋಗಿರಲಿಲ್ಲ, ಇದಕ್ಕೆಲ್ಲ ಬೆನ್ನೆಲುಬಾಗಿ ನಿಂತಿತ್ತು. ಒಂದು ರುಚಿ ಮುಗಿಯಿತು ಅನ್ನುವಾಗ ಇನ್ನೊಂದು ಹೊರಗೆ ಬರುತ್ತಿತ್ತು.

ಅಯೂಬ್ ಸಾಬರು ಉಗಿಯುವ ಡಬ್ಬ ಮುಂದೆ ಹಿಡಿದರು. ಜಯಶೀಲಮ್ಮ ಅದನ್ನು ಪಕ್ಕಕ್ಕೆ ಸರಿಸಿದಳು. ನುಂಗಿದಳು.

 ಅವಳು ನುಂಗಿದ್ದನ್ನು ನೋಡಿ ಅಯೂಬ್ ಸಾಬರು ಡಬ್ಬ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಬಿದ್ದಪ್ಪನವರು ಚಾಣಾಕ್ಷರು. ಐದು ಲೋಟ ತರಿಸಿ, ನಾಲ್ಕರಲ್ಲಿ ಬೇರೆ ಸಾಲಿನದು, ಒಂದರಲ್ಲಿ ಇದನ್ನು ಹಾಕಿಸಿ, ಅವತ್ತು ಬೆಂಗಳೂರಿನಿಂದ ಸರಕು ನೋಡಲು ಬಂದಿದ್ದ ವ್ಯಾಪಾರಿಯ ಮುಂದೆ ಹೆಸರು ಹೇಳದೆ ಇಡಿಸಿದರು. ಆ ಮನುಷ್ಯ ನಾಲ್ಕನ್ನು ಉಗಿದು ಐದನೆಯದನ್ನು ಖಾಲಿಮಾಡಿ, "ಇದು ಹಳೇ ಕರಿನೊರೆ! ಎಲ್ಲಿ ಬಚ್ಚಿಟ್ಟಿದ್ರಿ ಸ್ವಾಮಿ ಇಷ್ಟು ವರ್ಷ?" ಎಂದ. ಬಾಟಲಿಗೆ ನಾಲ್ಕು ಸಾವಿರ ಎಂದು ಅವನೇ ಬಾಯಿಬಿಟ್ಟ. ಬಿದ್ದಪ್ಪನವರು ಜಯಶೀಲಮ್ಮ ಬರೆದುಕೊಟ್ಟಿದ್ದ ಕಾಗದವನ್ನು ಖಾನೆಯಿಂದ ತೆಗೆದು ಅವಳ ಮುಂದೆಯೇ ನಾಲ್ಕು ಚೂರು ಮಾಡಿದರು. ಹಾಗೆಂದು ತಪ್ಪು ಮಾಫಿಯಾಗಲಿಲ್ಲ. ಎರಡು ವರ್ಷ ಸಂಬಳದ ಬಡ್ತಿ ಇಲ್ಲವೆಂಬ ಇನ್ನೊಂದು ಕಾಗದ ಆಡಳಿತ ಮಂಡಳಿಯಿಂದ ಬಂತು. ಅವಳು ಸಹಿ ಹಾಕಿದಳು. ಬೇರೆಯವರದಾಗಿದ್ದರೆ ತಾನೂ ಅಷ್ಟೇ ಶಿಕ್ಷೆ ಕೊಡುತ್ತಿದ್ದೆ ಎನಿಸಿತು.

ಪ್ರಣತಿ ಅಂಜುತ್ತ ಅಂಜುತ್ತ ಬೆರಳ ತುದಿಯಷ್ಟು ನಾಲಗೆಗೆ ಮುಟ್ಟಿಸಿಕೊಂಡಳು. "ಕಹಿ ಮಾರಾಯ್ರೆ!"

"ಮೊದ್ಲು ಹಂಗೇಯ. ಬರೆದಿಡು, ಅದೂ ಒಂದು ಮಾತು" ಎಂದಳು ಜಯಶೀಲಮ್ಮ. ಅಂದಿನಿಂದ ಇಬ್ಬರೂ ದಿನಕ್ಕೊಂದು ಗಂಟೆ ಕೂತು ಇನ್ನೂರ ಹದಿಮೂರು ಮಾತುಗಳನ್ನು ಒಂದೊಂದಾಗಿ ಮತ್ತೆ ನೋಡಲು ತೊಡಗಿದರು, ಈ ಸಲ ಪೀಪಾಯಿಯ ಮುಂದೆಯೇ, ಫೋನಿನಲ್ಲಲ್ಲ.

ಆ ಬುಧವಾರ ಸಂಜೆ ಅವಳು ಮನೆಗೆ ಬಂದಾಗ ಶಿವಲಿಂಗು ಜಗಲಿಯಲ್ಲಿ ಕೂತಿದ್ದ. ಅವಳು ಪಕ್ಕದಲ್ಲಿ ಕೂರುತ್ತಲೇ ಮೂಗು ಅರಳಿಸಿದ. ಕಿವಿ ಹೋಗಿತ್ತು, ಮೂಗು ಚೆನ್ನಾಗಿತ್ತು.

"ನುಂಗಿದ್ದೀಯ."

"ಹೂ."

"ಒಡೀತಾ?"

"ಒಡೀತು."

"ಹಾಲೋ, ತೆನೆಯೋ?" ಎಂದು ಒಳಗಿಂದ ಚಂದ್ರಕಲಾ ಕೂಗಿದಳು. ಅವತ್ತಿನ ಸಾರಿಗೆ ಇಂಗಿನ ಒಗ್ಗರಣೆ ಬಿತ್ತು.

ತಿಂಗಳು ಮುಗಿಯುವಷ್ಟರಲ್ಲಿ ಏಳನೇ ಸಾಲಿನ ಮೂವತ್ತೆಂಟರಲ್ಲಿ ಮೂವತ್ತಮೂರು ಒಡೆದವು. ಮೂರು ಕೆಟ್ಟವು. ಎರಡು ಇನ್ನೂ ಮುನಿಸಿಕೊಂಡೇ ಇವೆ. ಅಯೂಬ್ ಸಾಬರಿಗೆ ಅರವತ್ತು ಪೀಪಾಯಿಗಳ ಕೆಲಸ ಸಿಕ್ಕಿತು, ಹದಿನೆಂಟು ಆಳೂ ಉಳಿದರು. ಅದಕ್ಕೆ ಮುಂಚಿನ ನಾಲ್ಕು ವರ್ಷದಲ್ಲಿ ನಾನೂರ ಹನ್ನೆರಡು ಪೀಪಾಯಿಗಳು ವಿನೆಗರಾಗಿ ಯಾರ್ಯಾರದೋ ಮನೆಯ ಉಪ್ಪಿನಕಾಯಿಗೆ ಸೇರಿದ್ದವು. ಅವುಗಳಲ್ಲಿ ಎಷ್ಟು ಒಡೆಯುತ್ತಿದ್ದವು ಎಂದು ಪ್ರಣತಿ ಯಂತ್ರವನ್ನು ಕೇಳಿದಳು. ಮುನ್ನೂರ ಐವತ್ತು ಎಂದಿತು. ಜಯಶೀಲಮ್ಮ ಆ ಸಂಖ್ಯೆಯನ್ನು ತನ್ನ ಪುಸ್ತಕದ ಮೊದಲ ಪುಟದಲ್ಲಿ, ತನ್ನ ಹೆಸರಿನ ಕೆಳಗೆ, ಬರೆದಿಟ್ಟುಕೊಂಡಳು. ಅವು ಹೋದವು. ಮೂವತ್ತಮೂರು ಉಳಿದವು.